ಬಾಗಿಲಿಲ್ಲದ ಅಂಗಡಿ

ಸಂಗೊಳ್ಳಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಖಡ್ಗ ಹಿಡಿದ ರಾಯಣ್ಣನ ಮೂರ್ತಿ. ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿ, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಊರನ್ನು ನೋಡಬಂದವರು ಮೂರ್ತಿಗೆ ಕೈಮುಗಿದು, ಅವನ ಹೆಸರಿನ ಸೈನಿಕ ಶಾಲೆಯನ್ನು ಕಂಡು, ಬೈಲಹೊಂಗಲಕ್ಕೋ ಕಿತ್ತೂರಿಗೋ ಮರಳಿಬಿಡುತ್ತಾರೆ. ತಾವು ದಾಟಿಬಂದ ಓಣಿಯಲ್ಲಿ ಅಂಗಡಿಯೊಂದು ತೆರೆದಿರಬಹುದೆಂಬ ಯೋಚನೆ ಅವರಿಗೆ ಬರುವುದಿಲ್ಲ. ಬರುವುದಾದರೂ ಹೇಗೆ? ಆ ಅಂಗಡಿಗೆ ಫಲಕವಿಲ್ಲ, ಬಾಗಿಲಿಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ. ನಡುಮನೆಯ ಗೋಡೆಗೆ ಒರಗಿಸಿಟ್ಟ ಒಂದು ಮೊಬೈಲ್, ಹೊಲಿಗೆಯಂತ್ರ, ಖಣದ ತುಂಡುಗಳನ್ನು ತುಂಬಿದ ಬುಟ್ಟಿ, ಇಷ್ಟೇ ಅದರ ವೈಭವ.

ಪಟ್ಟಣದವರು ಇದನ್ನು ‘ಆನ್‌ಲೈನ್ ಬುಟಿಕ್’ ಎಂದು ಕರೆಯುತ್ತಾರೆ. ಮನೆಯಲ್ಲಿಯೇ ಕುಳಿತ ಗೃಹಿಣಿಯು ತಾನು ಹೊಲಿದ ಉಡುಗೊರೆಯ ವಸ್ತುಗಳ ಚಿತ್ರವನ್ನು ವಾಟ್ಸ್ಯಾಪಿನಲ್ಲೋ ಇನ್ಸ್ಟಾಗ್ರಾಮಿನಲ್ಲೋ ತೋರಿಸುತ್ತಾಳೆ. ದೂರದ ಊರಿನವರು ಮೆಚ್ಚಿ ಕೇಳುತ್ತಾರೆ. ಹಣ ಫೋನಿನಲ್ಲಿಯೇ ಬಂದು ಬೀಳುತ್ತದೆ. ಗಂಟು ಬಸ್ಸಿನಲ್ಲೋ ಅಂಚೆಯಲ್ಲೋ ಹೊರಡುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಈ ಸೀಮೆಯಲ್ಲಿ ಇಂತಹ ವ್ಯಾಪಾರಕ್ಕೆ ಬೇಕಾದ ಕೈಕಸಬು ಹೊಸತಾಗಿ ಕಲಿಯಬೇಕಾದುದೇನಲ್ಲ. ಹೊಸತಾಗಿ ಕಲಿಯಬೇಕಾದುದು ಇನ್ನೊಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಉಡುಗೊರೆಯ ಸೀಮೆ

ನಮ್ಮ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಗಳ ಬಾಳು ಉಡುಗೊರೆಯಿಂದ ಉಡುಗೊರೆಗೆ ಸಾಗುವಂತಹುದು. ಬಸುರಿಗೆ ಕುಬಸದ ಕಾರ್ಯ. ಅಲ್ಲಿ ಹಸಿರು ಸೀರೆ, ಖಣ, ಬಳೆ. ಕೂಸು ತೊಟ್ಟಿಲೇರುವ ದಿನ ಸೋದರತ್ತೆ, ಅಜ್ಜಿಯರು ತರುವ ಕುಲಾವಿ, ಕುಂಚಿಗೆ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳುಹಿಸುವ ರೂಢಿಯಿಲ್ಲ. ಮದುವೆಯಲ್ಲಿ ಆಯೇರಿ. ಕೊಟ್ಟವರಿಗೆ ಇನ್ನೊಂದು ಕಾರ್ಯದಲ್ಲಿ ಮುಯ್ಯಿ ತೀರಿಸದಿದ್ದರೆ ಬೀಗರ ಬಾಯಿಗೆ ಬೀಳಬೇಕಾದೀತು!

ಈ ಉಡುಗೊರೆಗಳಲ್ಲಿ ಬಹುಪಾಲು ಮನೆಯ ಹೆಂಗಸರ ಕೈಯಲ್ಲಿಯೇ ಸಿದ್ಧವಾಗುತ್ತಿದ್ದವು. ಗುಳೇದಗುಡ್ಡದ ಖಣದಲ್ಲಿ ಕುಬಸ ಹೊಲಿದು ಉಳಿದ ತುಂಡು ಕೂಸಿನ ಕುಲಾವಿಯಾಗುತ್ತಿತ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ದಾರ ಎಳೆದರೆ ಕೌದಿ. ಅಜ್ಜಿಯ ಸೀರೆ ಮೊಮ್ಮಗನ ಮೈಮೇಲೆ ಮತ್ತೊಮ್ಮೆ ಬೆಚ್ಚಗಾಗುವ ಬಗೆ ಅದು.

ಇವೆಲ್ಲಕ್ಕಿಂತ ನಾಜೂಕಾದುದು ಕಸೂತಿ. ಧಾರವಾಡ, ಬೆಳಗಾವಿ ಸೀಮೆಯ ಈ ಸೂಜಿಗೆಲಸಕ್ಕೆ ಬಟ್ಟೆಯ ಮೇಲೆ ಮೊದಲು ನಕ್ಷೆ ಬರೆಯುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಹಾಯಿಸಬೇಕು. ಒಂದೆಳೆ ತಪ್ಪಿದರೆ ಆನೆಯ ಅಂಬಾರಿ ಓರೆಯಾಗುತ್ತದೆ, ಗೋಪುರದ ಕಳಸ ವಾಲುತ್ತದೆ. ಹೊಲಿಗೆಗಳು ನಾಲ್ಕು ಬಗೆ: ಗವಂತಿ, ಮುರಗಿ, ನೇಯ್ಗಿ, ಮೆಂತೆ. ಗವಂತಿಯಲ್ಲಿ ಸೂಜಿ ಒಮ್ಮೆ ಬಿಟ್ಟುಹೋದ ಜಾಗವನ್ನು ಮರಳುವಾಗ ತುಂಬುತ್ತಾ ಬರುವುದರಿಂದ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ರ ಒಂದೇ ತೆರನಾಗಿ ಕಾಣುತ್ತದೆ. ಗಂಟು ಹಾಕುವಂತಿಲ್ಲ. ಮುರಗಿಯು ಮೆಟ್ಟಿಲಿನಂತೆ ಏರಿಳಿಯುತ್ತದೆ. ನೇಯ್ಗಿಯನ್ನು ನೋಡಿದರೆ ಮಗ್ಗದಲ್ಲಿಯೇ ನೇಯ್ದಂತಿರುತ್ತದೆ. ಮೆಂತೆಯದು ಮೆಂತೆಕಾಳು ಚೆಲ್ಲಿದಂತಹ ಅಡ್ಡಹೊಲಿಗೆ. ಇಳಕಲ್ಲಿನ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ಬಳಿ ತುಳಸೀ ವೃಂದಾವನ, ತೇರು, ನವಿಲುಗಳನ್ನು ಒತ್ತೊತ್ತಾಗಿ ಹೆಣೆದು ಮುಗಿಸಲು ತಿಂಗಳುಗಳೇ ಹಿಡಿಯುವುದುಂಟು. ಕಣ್ಣು ಮಂಜಾಗುವವರೆಗೆ ಹೆಣೆದ ತಾಯಿ, ಮಗಳ ಗಂಟಿನಲ್ಲಿ ಅದನ್ನಿಟ್ಟು ಕಳುಹಿಸುತ್ತಿದ್ದಳು. ಬೆಲೆ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಆಕೆಗೆ ನಗು ಬರುತ್ತಿತ್ತೋ ಸಿಟ್ಟು ಬರುತ್ತಿತ್ತೋ ಹೇಳಬಾರದು.

ವಿ. ಪಿ.ಯಿಂದ ಫೋನಿನವರೆಗೆ

ಕಾಣದ ಗಿರಾಕಿಗೆ ಸರಕು ಕಳುಹಿಸುವುದು ಈ ಕಾಲದ ಸೋಜಿಗವೆಂದು ಕಿರಿಯರು ತಿಳಿದಿರಬಹುದು. ಹಾಗೇನೂ ಇಲ್ಲ. ನಮ್ಮ ದೇಶದ ಅಂಚೆ ಇಲಾಖೆ 1877ರಲ್ಲಿಯೇ ವಿ. ಪಿ. ಪದ್ಧತಿಯನ್ನು ಆರಂಭಿಸಿತು. ವಾರಪತ್ರಿಕೆಯ ಜಾಹೀರಾತು ನೋಡಿ ಕಾರ್ಡು ಬರೆದರೆ, ಗಡಿಯಾರವೋ ಗ್ರಂಥವೋ ಮನೆಬಾಗಿಲಿಗೆ ಬರುತ್ತಿತ್ತು. ಹಣವನ್ನು ಅಂಚೆಯವನ ಕೈಗಿತ್ತು ಬಿಡಿಸಿಕೊಳ್ಳಬೇಕು. ಹಿರಿಯ ವಾಚಕರಲ್ಲಿ ಹಲವರಿಗೆ ಆ ಕಾತರ ನೆನಪಿರಲಿಕ್ಕೇ ಬೇಕು. ಆದರೆ ಅಂದು ಕಳುಹಿಸುವವರು ಮುಂಬಯಿ, ಮದರಾಸು, ಬೆಂಗಳೂರುಗಳ ಕಂಪನಿಗಳು, ತರಿಸಿಕೊಳ್ಳುವವರು ನಾವು. ಇಂದು ಗಂಟಿನ ದಾರಿ ತಿರುವುಮುರುವಾಗಿದೆ. ಸಂಗೊಳ್ಳಿಯಂತಹ ಊರಿನಿಂದ ಬೆಂಗಳೂರಿಗೆ ಕುಲಾವಿ ಹೋಗುವ ಕಾಲ ಬಂದಿದೆ.

ಇದಕ್ಕೆ ಎರಡು ಅನುಕೂಲಗಳು ಒದಗಿದವು. 2016ರಲ್ಲಿ ಆರಂಭವಾದ ಯು. ಪಿ. ಐ. ವ್ಯವಸ್ಥೆಯಿಂದ, ಬ್ಯಾಂಕಿನ ಸಾಲಿನಲ್ಲಿ ನಿಲ್ಲದೆಯೇ ಇನ್ನೂರು ಮುನ್ನೂರು ರೂಪಾಯಿ ಕೈಸೇರುವುದು ಸಾಧ್ಯವಾಯಿತು. ಇನ್ನೊಂದು, 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆ. ಬೈಲಹೊಂಗಲಕ್ಕೆ ರೈಲಿಲ್ಲ, ಬಸ್ಸೇ ಗತಿ. ಮಣಿ, ದಾರ, ಅಸ್ತರು ತರಲು ಬೆಳಗಾವಿಯ ಖಡೇಬಜಾರಿಗೆ ಹೋಗಿಬರುವ ಖರ್ಚು ಸಣ್ಣ ವ್ಯಾಪಾರದ ಲಾಭವನ್ನೆಲ್ಲ ನುಂಗುತ್ತಿತ್ತು. ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಗೆ ಹಣ ಬೇಡವೆಂದಾದ ಮೇಲೆ ಆ ಖರ್ಚು ತಪ್ಪಿತು. ಈ ಯೋಜನೆಯ ಬಗ್ಗೆ ರಾಜಕೀಯದವರು ಏನೇ ವಾದಿಸಲಿ, ದಾರದುಂಡೆ ಕೊಳ್ಳಲು ಹೊರಟವಳ ಲೆಕ್ಕದಲ್ಲಿ ಅದು ನಿಜವಾದ ಉಳಿತಾಯ.

“ನೀವ ತಿಳದ ಕೊಡ್ರಿ”

ಹೊಸತಾಗಿ ಕಲಿಯಬೇಕಾದುದು ಇನ್ನೊಂದಿದೆ ಎಂದೆನಲ್ಲ, ಅದು ಇದು: ಬೆಲೆ ಹೇಳುವುದು.

ಸಂಗೊಳ್ಳಿಯ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿ ನೆಲೆಸಿದ ಈ ಕಡೆಯ ಕುಟುಂಬವೊಂದರ ಹಿರಿಯಳು, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಖಣದ ಕುಲಾವಿಯನ್ನು ತರಿಸಿಕೊಂಡಿದ್ದಾಳೆ. ಫೋನು ಬರುತ್ತದೆ.

“ಅಕ್ಕಾರ, ಕುಲಾವಿ ಭಾಳ ಚಂದ ಆಗೇತಿ. ರೊಕ್ಕ ಎಷ್ಟ ಕಳಸ್ಲಿ?”

“ಅಯ್ಯ, ನೀವ ತಿಳದ ಕೊಡ್ರಿ. ಕೂಸಿಂದಲ್ಲೇನ್ರಿ?”

ಈ ಎರಡು ಮಾತುಗಳಲ್ಲಿ ನಮ್ಮ ಸಂಸ್ಕೃತಿಯ ಸೌಜನ್ಯವೆಲ್ಲ ಇದೆ. ಆಕೆಯ ನಷ್ಟವೂ ಇದೆ. ಲೆಕ್ಕ ಹಾಕಿ ನೋಡೋಣ. ಅಂಕಿಗಳು ನನ್ನ ಊಹೆಯವು, ಊರಿಂದೂರಿಗೆ ಬೇರೆಯಾದಾವು. ಖಣ ಮತ್ತು ಅಸ್ತರಿಗೆ 90 ರೂಪಾಯಿ, ದಾರ, ಮಣಿ, ಗೊಂಡೆಗಳಿಗೆ 30, ಪೆಟ್ಟಿಗೆಗೆ 25, ಕೊರಿಯರಿಗೆ 60. ಒಟ್ಟು 205. ಕತ್ತರಿಸಿ, ಹೊಲಿದು, ಅಂಚಿಗೆ ಕಸೂತಿಯ ಒಂದು ಸಾಲು ಹಾಕಲು ನಾಲ್ಕು ಗಂಟೆ. ತಿಳಿದು ಕೊಟ್ಟವರು 250 ರೂಪಾಯಿ ಕಳುಹಿಸಿದರೆನ್ನಿ. ಆಕೆಗೆ ಉಳಿದುದು 45. ನಾಲ್ಕು ಗಂಟೆಯ ಕಣ್ಣುನೋವಿಗೆ 45 ರೂಪಾಯಿ!

ಇದನ್ನು ಹೊಲದ ಬದುವಿನ ಕೆಲಸದೊಡನೆ ಹೋಲಿಸಿ. ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅರ್ಧ ದಿನಕ್ಕೆ 185. ಮಣ್ಣು ಹೊತ್ತವಳಿಗೆ ಸಲ್ಲುವಷ್ಟನ್ನಾದರೂ ಕಸೂತಿ ಹೆಣೆದವಳು ತನ್ನ ಕೈಗೆ ಕೊಟ್ಟುಕೊಂಡರೆ ಕುಲಾವಿಯ ಬೆಲೆ 390 ಆಗಬೇಕು. ಆದರೆ 390 ಎಂದು ಹೇಳಲು ನಾಲಗೆ ಏಳುವುದಿಲ್ಲ. ಅತ್ತೆ ಪಕ್ಕದಲ್ಲಿಯೇ ಕುಳಿತಿರುತ್ತಾಳೆ. “ಒಂದು ತುಂಡು ಬಟ್ಟೆಗೆ ಅಷ್ಟೇನ?” ಎಂದು ಗಂಡನೂ ಕೇಳಿಯಾನು. ತಾಯಿ ಪುಕ್ಕಟೆಯಾಗಿ ಮಾಡಿಕೊಟ್ಟುದನ್ನು ಮಗಳು ಮಾರುವುದೇ ನಾಚಿಕೆಯೆನಿಸಿರುವಾಗ, ದುಬಾರಿಯಾಗಿ ಮಾರುವುದು ಇಮ್ಮಡಿ ನಾಚಿಕೆ.

ಈ ನಾಚಿಕೆಯನ್ನು ಒಬ್ಬೊಬ್ಬಳೇ ಗೆಲ್ಲುವುದು ಕಷ್ಟ, ಕೂಡಿ ಗೆದ್ದವರುಂಟು. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತೆಗೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಇಂದಿನ ಲಿಜ್ಜತ್ ಸಂಸ್ಥೆ ಬೆಳೆದುದು ಅಲ್ಲಿಂದ. ಲಟ್ಟಿಸಿದ ಹಪ್ಪಳಕ್ಕೆ ಇಂತಿಷ್ಟು ಎಂದು ಸಂಸ್ಥೆಯೇ ಗೊತ್ತುಪಡಿಸಿದ್ದರಿಂದ, ಯಾವ ಹೆಂಗಸೂ ಗಿರಾಕಿಯೆದುರು ತನ್ನ ದುಡಿಮೆಯ ಬೆಲೆ ಹೇಳಲು ತೊದಲಬೇಕಾಗಲಿಲ್ಲ. ನಮ್ಮ ನೆರೆಯಲ್ಲಿಯೇ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರಿದ್ದಾರೆ. ಅವರ ಕೌದಿಯ ನಾಲ್ಕು ಮೂಲೆಗೂ ‘ಫೂಲ’ವೆಂಬ ಮುಕ್ಕೋನದ ಹೂ ಇರಲೇಬೇಕು, ಇಲ್ಲದಿದ್ದರೆ ಕೌದಿ ಬರಿಮೈಯಾಗಿದೆ ಎನ್ನುತ್ತಾರೆ. 2004ರಲ್ಲಿ ಅವರ ಸಹಕಾರ ಕೂಟ ರೂಪುಗೊಂಡಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ತೂಗಿದವು. ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು 2023ರ ಜುಲೈಯಲ್ಲಿ, ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಸೇರಿದರು. ಗೋಡೆಗೆ ತೂಗಿದ ಕೌದಿಗೆ ಯಾರೂ “ಇಷ್ಟು ದುಬಾರಿಯೇ?” ಎನ್ನುವುದಿಲ್ಲ ನೋಡಿ!

ಗಡಿಯ ಆಚೆ ಈಚೆ

ಬೆಲೆ ಹೇಳಲು ಕಲಿತ ಮೇಲೂ ತೊಡಕುಗಳು ತೀರುವುದಿಲ್ಲ. ಚಿತ್ರದಲ್ಲಿ ಕಂಡ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ ಎಂದು ಗಿರಾಕಿ ಮುನಿಯುವುದುಂಟು. ಒಬ್ಬಳು ತೆಗೆದ ಚಿತ್ರವನ್ನು ಇನ್ನೊಬ್ಬರು ತಮ್ಮದೆಂದು ಹಾಕಿಕೊಳ್ಳುವುದುಂಟು. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆಯಾದರೂ, ಯಂತ್ರದಲ್ಲಿ ಹೊಲಿದ, ಕೆಲವೊಮ್ಮೆ ಬರಿದೇ ಅಚ್ಚೊತ್ತಿದ ‘ಕಸೂತಿ’ ಅದೇ ಹೆಸರಿನಲ್ಲಿ ಕಾಲುಬೆಲೆಗೆ ಮಾರಾಟವಾಗುತ್ತಿದೆ. ಕೊಳ್ಳುವವರು ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದರೆ ಸಾಕು, ಗುಟ್ಟು ಬಯಲಾಗುತ್ತದೆ. ಫೋನಿನ ಚಿತ್ರವನ್ನು ಮಗುಚುವುದು ಹೇಗೆ? ಆದುದರಿಂದ ಹಿಂಬದಿಯ ಚಿತ್ರವನ್ನೂ ತೋರಿಸುವುದು ಮಾರುವವಳಿಗೆ ಒಳ್ಳೆಯದು.

ತೆರಿಗೆಯ ನಿಯಮವೊಂದು ಈ ಸೀಮೆಗೆ ವಿಶೇಷವಾಗಿ ತಟ್ಟುತ್ತದೆ. ಮೊದಲು, ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸರಕು ಮಾರುವ ಎಷ್ಟೇ ಸಣ್ಣವರಿಗೂ ಜಿ. ಎಸ್. ಟಿ. ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲಗೊಂಡಿತು: ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದವರು ನೋಂದಣಿಯಿಲ್ಲದೆಯೇ ಅಲ್ಲಿ ಮಾರಬಹುದು; ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಬೀದರಿನವರಿಗೆ ಕುಲಾವಿ ಕಳುಹಿಸಲು ಅಡ್ಡಿಯಿಲ್ಲ. ಕೊಲ್ಹಾಪುರಕ್ಕೆ ಅದೇ ಮಾರುಕಟ್ಟೆಯ ಮೂಲಕ ಕಳುಹಿಸಬೇಕಾದರೆ ನೋಂದಣಿ ಬೇಕು. ಬೆಳಗಾವಿ ಜಿಲ್ಲೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಕೊಲ್ಹಾಪುರ, ಸಾಂಗ್ಲಿಗಳ ಕಡೆಗೇ ಅಲ್ಲವೆ? ಬೀಗತನಕ್ಕೆ ಇಲ್ಲದ ಗಡಿ ಕುಲಾವಿಗೆ ಬಂದಿತು.

2025ರ ಜುಲೈಯಲ್ಲಿ, ಯು. ಪಿ. ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದವು. ವರ್ಷಕ್ಕೆ ನೂರಿನ್ನೂರು ಕುಲಾವಿ ಮಾರುವವಳು ಅಂತಹ ಸುದ್ದಿಗೆ ಅಂಜಬೇಕಾದುದಿಲ್ಲ. ಆಕೆಯ ವಹಿವಾಟು ಆ ಮಿತಿಯಿಂದ ಬಹುದೂರ. ಆಕೆ ವಿಚಾರಿಸಬೇಕಾದುದು ಬೇರೆಯೇ ಇದೆ. ಹಣ ಬೀಳುವ ಖಾತೆ ಯಾರ ಹೆಸರಿನಲ್ಲಿದೆ? ಗಂಡನ ಫೋನಿಗೆ, ಗಂಡನ ಖಾತೆಗೆ ಬಂದ ಹಣ ಮನೆಯ ಖರ್ಚಿನಲ್ಲಿ ಬೆರೆತುಹೋದ ಮೇಲೆ, ವ್ಯಾಪಾರದಲ್ಲಿ ಗಳಿಕೆಯಾಯಿತೋ ನಷ್ಟವಾಯಿತೋ ಎಂದು ಅವಳಿಗೇ ತಿಳಿಯುವುದಿಲ್ಲ. ಸ್ವಸಹಾಯ ಸಂಘದ ಪುಸ್ತಕ ಬರೆದು ಅಭ್ಯಾಸವಾದವರು ಇಲ್ಲಿ ಒಂದು ಹೆಜ್ಜೆ ಮುಂದಿರುತ್ತಾರೆ. ಸಾಲದ ಕಂತಿನಂತೆಯೇ ದಾರದ ಖರ್ಚನ್ನೂ ಬರೆದಿಡುವುದು ಅವರಿಗೆ ಹೊರೆಯೆನಿಸದು.

ಶ್ರಾವಣ ಬಂದಿತೆಂದರೆ ಕೆಲಸ ಹೆಚ್ಚು. ಗೌರಿಯ ಉಡಿಗೆ ಖಣದ ಚೀಲ, ದಸರೆ, ದೀಪಾವಳಿಗೆ ಬಾಗಿಲ ತೋರಣ, ಮುಂದೆ ಮದುವೆಯ ದಿನಗಳಲ್ಲಿ ಬಂದವರಿಗೆ ಕೊಡುವ ಸಣ್ಣ ಬಟುವೆಗಳು. ಅಕ್ಟೋಬರ್ 23ರ ಕಿತ್ತೂರು ಉತ್ಸವಕ್ಕೆ ಸೇರುವ ಜನರಲ್ಲಿ ಗಿರಾಕಿಗಳನ್ನು ಮುಖಾಮುಖಿಯಾಗಿ ಕಾಣುವ ಅವಕಾಶವೂ ಉಂಟು. ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಎಮ್ಮೆಗೆ ಮೇವು ಹಾಕಿ, ಹೊಲದ ಬುತ್ತಿ ಕಟ್ಟಿದ ಮೇಲೆ ಸಿಗುವ ಎರಡು ಗಂಟೆಯ ಹೊತ್ತೇ ಅಂಗಡಿಯ ಹೊತ್ತು. ಅದರಲ್ಲಿಯೂ ವಿದ್ಯುತ್ತು ಹೋದರೆ ಸೂಜಿಯನ್ನು ಬಾಗಿಲ ಬೆಳಕಿಗೆ ಒಯ್ಯಬೇಕು.

ನಾವು ಕಲ್ಪಿಸಿಕೊಂಡ ಗೃಹಿಣಿ ಈಗ ಅಲ್ಲಿಯೇ, ಹೊಸ್ತಿಲ ಬಳಿ ಕುಳಿತಿದ್ದಾಳೆ. ಇನ್ನೊಂದು ಕುಲಾವಿ ಸಿದ್ಧವಾಗಿದೆ. ಈ ಸಲ ಹಸಿರು ಖಣ, ಕೆಂಪು ಗೊಂಡೆ. ಚಿತ್ರ ತೆಗೆದಾಯಿತು, ಮಗುಚಿ ಹಿಂಬದಿಯದೂ ಆಯಿತು. ಕೆಳಗೆ ಬೆಲೆ ಬರೆಯಬೇಕು. ಬೆರಳು 250ರ ಕಡೆಗೆ ಹೋಗಿ, ಅಳಿಸಿ, ಮತ್ತೆ ಬರೆಯುತ್ತದೆ: 390 ರೂಪಾಯಿ. ಒಳಗಿನಿಂದ ಅತ್ತೆ ಕರೆಯುತ್ತಾಳೆ. ಕಳುಹಿಸುವ ಗುಂಡಿಯನ್ನೊತ್ತಿ, ಫೋನನ್ನು ಬೋರಲಾಗಿಟ್ಟು, ಆಕೆ ಎದ್ದು ಒಳಗೆ ಹೋಗುತ್ತಾಳೆ.