ಕೋವಿಯ ಕಣ್ಣು

ಕೋವಿಯೆಂದೊಡನೆ ನೆನಪಾಗುವುದು ಕೊಲೆ. ಆದರೆ ಅದರಿಂದ ಪ್ರಕೃತಿಯನ್ನು ಪ್ರಶ್ನೆ ಕೇಳಿದವರೂ ಉಂಟು. ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯ ಕೋವಿಯಲ್ಲಿ ಮದ್ದು ಸಿಡಿದು ಪಿಸ್ಟನ್ನನ್ನು ತಳ್ಳುತ್ತಿತ್ತು. ಪಿಸ್ಟನ್ ಜಲಜನಕವನ್ನು ಅದುಮುತ್ತಿತ್ತು. ಅದುಮಿಸಿಕೊಂಡ ಅನಿಲ ತಡೆಯನ್ನೊಡೆದು ಗುಂಡನ್ನು ಸೆಕೆಂಡಿಗೆ 7 ಕಿಲೋಮೀಟರಿನಷ್ಟು ವೇಗದಲ್ಲಿ ಅಟ್ಟುತ್ತಿತ್ತು. ಈ ಹೊಡೆತದಿಂದ ದ್ರವ ಜಲಜನಕವನ್ನು ವಾಯುಮಂಡಲದ ಒತ್ತಡದ ಸುಮಾರು 14 ಲಕ್ಷ ಪಟ್ಟು ಅದುಮಿದಾಗ ಅದು ಲೋಹದಂತೆ ವಿದ್ಯುತ್ತನ್ನು ಹರಿಸಿತೆಂದು ವಿಯರ್, ಮಿಚೆಲ್, ನೆಲ್ಲಿಸ್ ಎಂಬ ಮೂವರು 1996ರಲ್ಲಿ ಪ್ರಕಟಿಸಿದರು. ಗುರುಗ್ರಹದ ಒಡಲಲ್ಲಿ ಜಲಜನಕ ಇಂಥ ಸ್ಥಿತಿಯಲ್ಲಿದೆಯೆಂದು ವಿಜ್ಞಾನಿಗಳ ಮತ. ಪ್ರಯೋಗಶಾಲೆಯಲ್ಲಿ ಅದು ಬಾಳಿದ್ದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ.

ಇಂಥ ಕೋವಿಗಳನ್ನು ನವೀಕರಿಸುವುದೆಂದರೆ ನಳಿಗೆಯನ್ನು ಹಿಗ್ಗಿಸುವುದೆಂದೇ ನಾನು ತಿಳಿದಿದ್ದೆ. ಓದುತ್ತ ಹೋದಂತೆ ನನ್ನ ತಪ್ಪು ಅರಿವಾಯಿತು. ನಳಿಗೆ ಹಳೆಯದಾದರೂ ನಡೆದೀತು. ನೋಡುವ ಕಣ್ಣು ಹೊಸದಾಗಬೇಕು. ಈಗ ಲೇಸರ್ ಬೆಳಕು ಚಲಿಸುವ ಮೈಗೆ ತಾಗಿ ಮರಳಿ, ಮೂಲ ಬೆಳಕಿನೊಡನೆ ಬೆರೆತು, ಆ ಮೈಯ ವೇಗವನ್ನು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲುಗಳ ಅಂತರದಲ್ಲಿ ತಿಳಿಸುತ್ತದೆ. ಗುರಿಯಂತೂ ಪ್ರತಿಸಲವೂ ಚೂರಾಗುತ್ತದೆ; ಇನ್ನೊಮ್ಮೆ ನೋಡುವೆನೆಂದರೆ ಉಂಟೇ? ಆ ಗಳಿಗೆ ಕಣ್ತಪ್ಪಿತೆಂದರೆ ನಮಗುಳಿಯುವುದು ಪುಡಿ ಮಾತ್ರ.