ನೊಣ ಹಿಡಿಯುವ ಗಿಡಕ್ಕೆ ಯಾವ ನೀರು?

ನರ್ಸರಿಯಿಂದ ವೀನಸ್ ಫ್ಲೈಟ್ರ್ಯಾಪ್ ಮನೆಗೆ ಬಂದ ದಿನ ಎಲ್ಲರೂ ಹುಡುಕುವುದು ನೊಣವನ್ನು. ಎಲೆ ಬಾಯಿ ಮುಚ್ಚುವುದನ್ನು ನೋಡಲು ಮಕ್ಕಳಿಗೆ ಆತುರ. ಕೆಲವು ತಿಂಗಳಲ್ಲಿ ಗಿಡ ಕಪ್ಪಾಗಿ ಸತ್ತರೆ, ಪಾಪ, ಹೊಟ್ಟೆಗಿಲ್ಲದೆ ಹೋಯಿತು ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಅದನ್ನು ಕೊಲ್ಲುವುದು ಹಸಿವಲ್ಲ, ನಾವು ಹಾಕಿದ ನೀರು.

ಈ ಗಿಡದ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಕರಾವಳಿ ಬಯಲು. ಅಲ್ಲಿನ ಮರಳು ಮಿಶ್ರಿತ ಜೌಗು ನೆಲದಲ್ಲಿ ಸಾರವೇ ಇಲ್ಲ. ಅದಕ್ಕೇ ಗಿಡ ಸಾರಜನಕ, ರಂಜಕಗಳನ್ನು ಕೀಟದಿಂದ ಪಡೆಯುವುದನ್ನು ಕಲಿಯಿತು. ಅದರ ಬೇರಿಗೆ ಲವಣ ತುಂಬಿದ ನೀರು ಒಗ್ಗುವುದಿಲ್ಲ. ನಮ್ಮ ಕರಾವಳಿಯ ಮುರಕಲ್ಲು ಹಾಸಿನ ಮೇಲೆ ಮಳೆಗಾಲದಲ್ಲಿ ಏಳುವ ಪುಟ್ಟ ಡ್ರಾಸೆರಾ ಗಿಡಗಳದ್ದೂ ಇದೇ ಬದುಕು: ಬಡ ನೆಲ, ಶುದ್ಧ ಮಳೆನೀರು.

ನೀರಿನಲ್ಲಿ ಕರಗಿದ ಲವಣದ ಅಳತೆಗೆ ಟಿಡಿಎಸ್ ಎನ್ನುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಭಾರತೀಯ ಮಾನಕಕ್ಕೆ ಒಪ್ಪಿಗೆ. ಕೀಟಾಹಾರಿ ಗಿಡ ಬೆಳೆಸುವವರು ಕೇಳುವುದು 50ಕ್ಕಿಂತ ಕಡಿಮೆ. ಒಂದು ಲೆಕ್ಕ ಹಾಕಿ ನೋಡಿ. ಕುಂಡದಡಿಯ ತಟ್ಟೆಯಿಂದ ದಿನಕ್ಕೆ ಕಾಲು ಲೀಟರ್ ನೀರು ಆರಿದರೆ, 500ರ ನೀರಾದರೆ 125 ಮಿಲಿಗ್ರಾಂ ಲವಣ ಹಿಂದೆ ಉಳಿಯುತ್ತದೆ. ತಿಂಗಳಿಗೆ ಮೂರೂಮುಕ್ಕಾಲು ಗ್ರಾಂ! ಬೋರ್ ನೀರಿನ ಬಕೆಟ್ಟಿಗೆ ಕಟ್ಟುವ ಬಿಳಿ ಪೊರೆಯೇ ಬೇರಿನ ಸುತ್ತಲೂ ಸೇರುತ್ತಾ ಹೋಗುತ್ತದೆ. ಕುದಿಸಿ ಆರಿಸಿದರೂ ಇದು ತಪ್ಪದು. ವಾಟರ್ ಸಾಫ್ಟ್ನರ್ ಕೂಡ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಅಷ್ಟೆ. ಮಳೆನೀರು, ಡಿಸ್ಟಿಲ್ಡ್ ನೀರು, ಖನಿಜ ಬೆರೆಸದ ಆರ್‌ಒ ನೀರು, ಈ ಮೂರೇ ನಂಬಿಕೆಯ ದಾರಿ. ಮಣ್ಣಿನ ಬದಲು ಕೋಕೋಪೀಟ್ ಬಳಸುವವರು ಅದನ್ನೂ ಇದೇ ನೀರಿನಲ್ಲಿ ನಾಲ್ಕಾರು ಸಲ ತೊಳೆಯಬೇಕು, ಏಕೆಂದರೆ ತೆಂಗಿನ ನಾರಿನಲ್ಲಿ ಉಪ್ಪಿರುತ್ತದೆ.

ಇನ್ನು ತಟ್ಟೆ. ಕುಂಡವನ್ನು ಒಂದೆರಡು ಸೆಂಟಿಮೀಟರ್ ನೀರಿನಲ್ಲಿ ಇಟ್ಟರೆ ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಡ್ರಾಸೆರಾ, ಸರಸೀನಿಯಾದಂಥ ಕೀಟಾಹಾರಿ ಗಿಡಗಳು ಇದರಲ್ಲಿ ಸುಖವಾಗಿರುತ್ತವೆ. ಫ್ಲೈಟ್ರ್ಯಾಪಿಗೆ ಮಾತ್ರ ತಟ್ಟೆ ಆರಿದ ಮೇಲೆ, ಮಣ್ಣಿನ ತೇವ ಆರುವ ಮೊದಲು, ಮತ್ತೆ ನೀರು ಹಾಕುವುದು ಒಳ್ಳೆಯದು. ಸದಾ ಮುಳುಗಿದ ಬೇರಿಗೆ ಗಾಳಿ ಸಿಗದೆ ಬುಡ ಕೊಳೆಯುತ್ತದೆ. ಹೂಜಿ ಗಿಡ, ಅಂದರೆ ನೆಪೆಂತಿಸ್‌ನ ವಿಷಯವೇ ಬೇರೆ. ಭಾರತದ ಏಕೈಕ ನೆಪೆಂತಿಸ್ ಪ್ರಭೇದ ಮೇಘಾಲಯದ ಗುಡ್ಡಗಳದ್ದು. ಬಿದ್ದ ಮಳೆ ಇಳಿದು ಹೋಗುವ ಇಳಿಜಾರು ಅದರ ನೆಲೆ, ಆದ್ದರಿಂದ ಅದನ್ನು ನಿಂತ ನೀರಿನಲ್ಲಿ ಕೂರಿಸಬಾರದು. ಮೇಲಿನಿಂದ ನೀರು ಹಾಕಿ, ಸೋರಿ ಹೋಗಲು ಬಿಡಬೇಕು.

ನಿಂತ ನೀರೆಂದರೆ ಸೊಳ್ಳೆಯ ಮಾತು ಬರಲೇಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗೆ ನೆಲೆ ಕೊಡುವ ಮನೆಗಳಿಗೂ ದಂಡ ಗೊತ್ತುಮಾಡಿತು. ಬಾಲ್ಕನಿಯ ತಟ್ಟೆಗೂ ಇದರಿಂದ ವಿನಾಯಿತಿ ಇಲ್ಲ, ಇರಲೂಬಾರದು. ಬಿಸಿ ಹವೆಯಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಬರೀ ನೀರು ಚೆಲ್ಲಿದರೆ ಸಾಲದು. ನೀರಿನ ಅಂಚಿಗೆ ಅಂಟಿಸಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹಾಗಾಗಿ ನಾಲ್ಕೈದು ದಿನಕ್ಕೊಮ್ಮೆ ತಟ್ಟೆ ಬರಿದು ಮಾಡಿ, ಸೋಪಿಲ್ಲದೆ ಬ್ರಷ್ಷಿನಿಂದ ಉಜ್ಜಬೇಕು. ಇದೇ ಹೊತ್ತಿನಲ್ಲಿ ಕುಂಡದ ಮೇಲಿನಿಂದಲೂ ಧಾರಾಳವಾಗಿ ನೀರು ಸುರಿದರೆ ಸೇರಿಕೊಂಡ ಲವಣ ತೊಳೆದು ಹೋಗುತ್ತದೆ. ದೊಡ್ಡ ತೊಟ್ಟಿ ಇಟ್ಟವರು ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿಯನ್ನು ಬಳಸಬಹುದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಈ ಜೀವಿ ಮರಿಹುಳಗಳನ್ನು ಕೊಲ್ಲುತ್ತದೆ, ಗಿಡವನ್ನು ಮುಟ್ಟುವುದಿಲ್ಲ.

ಮಳೆಗಾಲದಲ್ಲಿ ಮೊದಲ ಮಳೆ ಚಾವಣಿಯ ದೂಳು, ಹಕ್ಕಿಹಿಕ್ಕೆ ತೊಳೆದು ಹೋಗಲಿ. ಆಮೇಲಿನ ಮಳೆಯಲ್ಲಿ 20 ಲೀಟರಿನ ಒಂದು ಕ್ಯಾನ್ ತುಂಬಿಸಿ ಬಿಗಿಯಾಗಿ ಮುಚ್ಚಿಟ್ಟರೆ, ದಿನಕ್ಕೆ ಕಾಲು ಲೀಟರಿನಂತೆ ಒಂದು ತಟ್ಟೆಗೆ ಎಂಬತ್ತು ದಿನ ಬರುತ್ತದೆ.