ಕಳೆದುಹೋದ ಕುದುರೆಗಳ ಹುಡುಕಾಟ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2004ರಲ್ಲಿ ನಮ್ಮ ದೇಶದ ಷೋರೂಮುಗಳಿಗೆ ಬಂದಾಗ ‘ಟರ್ಬೊ’ ಎಂದರೆ ಜನರಿಗೆ ನೆನಪಾಗುತ್ತಿದ್ದುದು ಡೀಸೆಲ್ ಜೀಪು, ಲಾರಿಗಳ ಹಿಂಬದಿಯ ಬರಹ. ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಿ ಮಾರುವ ಸೆಡಾನ್ ಆಗ ಅಪರೂಪ. ಮಹಾರಾಷ್ಟ್ರದ ಔರಂಗಾಬಾದಿನ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿದ್ದ ಆ ಕಾರಿನ 1781 ಸಿಸಿ ಎಂಜಿನ್ 150 ಅಶ್ವಶಕ್ತಿ ಕೊಡುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, 1750 ಆರ್‌ಪಿಎಂನಷ್ಟು ಕೆಳಗೇ 210 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತಿತ್ತು. ಪ್ರತಿ ಸಿಲಿಂಡರಿಗೆ ಐದು ವಾಲ್ವ್, ಒಟ್ಟು ಇಪ್ಪತ್ತು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗೇರ್ ಇಳಿಸದೆ ಮೇಲೇರುತ್ತಿದ್ದ ಆ ಕಾರನ್ನು ಓಡಿಸಿದವರು ಇಂದಿಗೂ ಮರೆತಿಲ್ಲ.

ಆ ಕಾರುಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಎರಡು ಮೂರು ಕೈ ಬದಲಾಗಿ, ಕೊನೆಗೆ ಸರ್ವಿಸ್ ಬಿಲ್ಲಿಗೆ ಹೆದರಿದವರ ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುತ್ತವೆ. ಕಾಸು ಕೂಡಿಟ್ಟು ಅಂಥದ್ದೊಂದನ್ನು ಮನೆಗೆ ತರುವ ಹುಡುಗರು ಮೊದಲು ಕೇಳುವುದು, ‘ಅಣ್ಣಾ, ರೀಮ್ಯಾಪ್ ಮಾಡಿಸಿದ್ರೆ ಎಷ್ಟು ಎಚ್‌ಪಿ ಬರುತ್ತೆ?’ ಎಂದು. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಶಕ್ತಿ ಹೆಚ್ಚಿಸುವುದೇ ರೀಮ್ಯಾಪ್. ನಾನು ತಿರುಗಿ ಕೇಳುವುದು, ‘ಕಂಪನಿ ಕೊಟ್ಟ ನೂರೈವತ್ತು ಈಗ ಅದರಲ್ಲಿ ಎಷ್ಟು ಉಳಿದಿದೆ?’ ಹಳೆಯ ಟರ್ಬೊ ಕಾರಿಗೆ ಹೊಸ ಶಕ್ತಿ ತುಂಬುವ ಮೊದಲು ಕಳೆದುಹೋದ ಶಕ್ತಿಯನ್ನು ಹುಡುಕಿ ತರಬೇಕು. ಆ ಹುಡುಕಾಟಕ್ಕೆ ಮನೆಯ ಪೋರ್ಟಿಕೊಗಿಂತ ಒಳ್ಳೆಯ ಜಾಗ ಇಲ್ಲ. ಗ್ಯಾರೇಜಿನಲ್ಲಿ ಗಂಟೆಗೆ ಬಾಡಿಗೆ ಇದೆ, ಸಾಲಿನಲ್ಲಿ ಇನ್ನೂ ಹತ್ತು ಗಾಡಿ ನಿಂತಿವೆ. ಒಂದು ಸಣ್ಣ ಸೋರಿಕೆಯ ಹಿಂದೆ ಭಾನುವಾರವಿಡೀ ಕೂರುವ ತಾಳ್ಮೆ ಅಲ್ಲಿ ಯಾರಿಗೂ ಲಾಭವಲ್ಲ.

ಟರ್ಬೊ ಎಂದರೆ ಒಂದೇ ದಂಡದ ಎರಡು ತುದಿಗೆ ಕೂರಿಸಿದ ಎರಡು ಚಕ್ರಗಳು. ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ನೂಕುತ್ತದೆ. ಕಮ್ಮಾರನ ಕುಲುಮೆಗೆ ತಿದಿ ಒತ್ತಿದ ಹಾಗೆ, ಗಾಳಿ ಹೆಚ್ಚಿದಷ್ಟೂ ಉರಿ ಹೆಚ್ಚು. ಬಿಸಾಡಿ ಹೋಗುವ ಹೊಗೆಯಿಂದಲೇ ಈ ಕೆಲಸ ಮಾಡಿಸಬಹುದೆಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಆಕ್ಟೇವಿಯಾದ ಪುಟ್ಟ ‘ಕೆ03’ ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದು ಬಾಲ್ ಬೇರಿಂಗಿನ ಮೇಲೆ ಕೂತಿಲ್ಲ. ಎಂಜಿನ್ ಆಯಿಲಿನ ತೆಳು ಪದರದ ಮೇಲೆ ತೇಲುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಈ ಕಾರಿನ ಅರ್ಧ ಕಾಯಿಲೆ ತಾನಾಗಿ ಅರ್ಥವಾಗುತ್ತದೆ.

ಪಿಕಪ್ ಇಲ್ಲ ಎಂದು ಗಾಡಿ ತಂದರೆ ಸಾಮಾನ್ಯವಾಗಿ ಬರುವ ಉತ್ತರ, ‘ಟರ್ಬೊ ಹೋಗಿದೆ ಸಾರ್, ಬದಲಾಯಿಸ್ಬೇಕು.’ ಬಹುಪಾಲು ಸಲ ಟರ್ಬೊ ಹೋಗಿರುವುದಿಲ್ಲ. ಟರ್ಬೊ ಒತ್ತಿದ ಗಾಳಿ ದಾರಿಯಲ್ಲಿ ಸೋರಿ ಹೋಗಿರುತ್ತದೆ. ಏರ್ ಫಿಲ್ಟರಿನಿಂದ ಟರ್ಬೊ, ಅಲ್ಲಿಂದ ಗಾಳಿ ತಣಿಸುವ ಇಂಟರ್‌ಕೂಲರ್, ಅಲ್ಲಿಂದ ಥ್ರಾಟಲ್, ಈ ದಾರಿಯುದ್ದಕ್ಕೂ ರಬ್ಬರ್ ಹೋಸುಗಳು. ಇವುಗಳ ಜೊತೆಗೆ ವ್ಯಾಕ್ಯೂಮಿನ ಬೆರಳಿನ ಗಾತ್ರದ ಪೈಪುಗಳು, ಎಂಜಿನ್ ಉಸಿರಾಟದ ಪೈಪುಗಳು. ಇಪ್ಪತ್ತು ಬೇಸಿಗೆ ಕಂಡ ರಬ್ಬರ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಕೆಳಭಾಗದಲ್ಲಿ ಸೀಳಿರುತ್ತದೆ.

ಸೋರಿಕೆ ಹುಡುಕುವ ಸಲಕರಣೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಟರ್ಬೊದ ಗಾಳಿ ಪೈಪಿನ ಅಳತೆಯ ಪಿವಿಸಿ ಎಂಡ್ ಕ್ಯಾಪ್ ಕೊಂಡು, ನಡುವೆ ತೂತು ಕೊರೆದು, ಪಂಕ್ಚರ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಒಂದನ್ನು ಅದಕ್ಕೆ ಕೂರಿಸಿ. ಏರ್ ಫಿಲ್ಟರ್ ಕಳಚಿದ ಜಾಗದಲ್ಲಿ ಈ ಮುಚ್ಚಳವನ್ನು ಹೋಸ್ ಕ್ಲಿಪ್ಪಿನಿಂದ ಬಿಗಿದು, ಎಂಜಿನ್ ಆಫ್ ಇರುವಾಗ ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ನಿಧಾನವಾಗಿ ಗಾಳಿ ಬಿಡಬೇಕು. ಎಂಟು ಪಿಎಸ್‌ಐ ಧಾರಾಳವಾಯಿತು. ಅದಕ್ಕಿಂತ ಹೆಚ್ಚು ಒತ್ತಿದರೆ ಕ್ರ್ಯಾಂಕಿನ ಆಯಿಲ್ ಸೀಲುಗಳಿಗೆ ಪೆಟ್ಟು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಪ್ರತಿ ಕೀಲಿಗೂ ಸಿಂಪಡಿಸಿ, ರೇಡಿಯೊ ಆಫ್ ಮಾಡಿ, ಕಿವಿಗೊಟ್ಟು ಕೇಳಬೇಕು. ಗುಳ್ಳೆ ಎದ್ದಲ್ಲಿ, ‘ಸುಯ್’ ಎಂದಲ್ಲಿ ಸೋರಿಕೆ. ಒಂದನ್ನು ಸರಿಮಾಡಿದ ಮೇಲೆ ಮತ್ತೆ ಗಾಳಿ ತುಂಬಿ, ಏಕೆಂದರೆ ದೊಡ್ಡ ಸೋರಿಕೆಯ ಸದ್ದಿನಲ್ಲಿ ಚಿಕ್ಕದು ಅಡಗಿರುತ್ತದೆ. ಆಯಿಲ್ ಡಿಪ್‌ಸ್ಟಿಕ್ಕಿನ ಕಡೆಯಿಂದ ಮೆಲ್ಲನೆ ಗಾಳಿ ಬರುವುದು ಸಹಜ. ಏಕೆಂದರೆ ಯಾವುದೋ ಒಂದು ಸಿಲಿಂಡರಿನ ವಾಲ್ವುಗಳು ತೆರೆದಿರುತ್ತವೆ. ಕೆಲವು ನೂರು ರೂಪಾಯಿಯ ಈ ಪರೀಕ್ಷೆ ಹತ್ತಾರು ಸಾವಿರದ ಟರ್ಬೊ ಉಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಟರ್ಬೊವನ್ನೂ ಕೈಯಿಂದಲೇ ನೋಡಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಗಾಳಿ ಪೈಪ್ ಕಳಚಿ ಚಕ್ರದ ಮೂತಿ ಹಿಡಿದು ಅಲುಗಾಡಿಸಿ. ಮೇಲೆ ಕೆಳಗೆ ಕೂದಲೆಳೆಯಷ್ಟು ಅಲುಗಿದರೆ ಗಾಬರಿ ಬೇಡ, ಆಯಿಲ್ ಪದರಕ್ಕೆ ಬಿಟ್ಟ ಜಾಗ ಅದು. ಒಳಗೆ ಹೊರಗೆ ಆಡಿದರೆ, ರೆಕ್ಕೆಗಳು ಗೋಡೆ ಸವರಿದ ಗುರುತಿದ್ದರೆ ಆಗ ಮಾತ್ರ ಟರ್ಬೊ ಕೆಲಸ. ಟರ್ಬೊ ಪಕ್ಕದಲ್ಲಿ ಕೂತ ಡೈವರ್ಟರ್ ವಾಲ್ವನ್ನು ಮರೆಯಬೇಡಿ. ಆಕ್ಸಿಲರೇಟರ್ ಬಿಟ್ಟಾಗ ಹಿಂದೆ ನುಗ್ಗುವ ಗಾಳಿಗೆ ದಾರಿ ಬಿಡುವ ಈ ಪುಟ್ಟ ಡಬ್ಬಿಯ ಒಳಗೊಂದು ರಬ್ಬರ್ ಪೊರೆ ಇದೆ, ಹಳೆಯದಾದರೆ ಹರಿಯುತ್ತದೆ. ಬಲ್ಲವರು ಅಂಗಡಿಗೆ ಹೋಗಿ ‘710-ಎನ್ ಕೊಡಿ’ ಎನ್ನುತ್ತಾರೆ. ಅದು ಆ ವಾಲ್ವಿನ ಬಿಡಿಭಾಗ ಸಂಖ್ಯೆಯ ಕೊನೆಯ ತುಣುಕು.

ಕಣ್ಣು, ಕಿವಿ, ಬೆರಳು ಹೇಳದ್ದನ್ನು ಲ್ಯಾಪ್‌ಟಾಪ್ ಹೇಳುತ್ತದೆ. ಫೋಕ್ಸ್‌ವ್ಯಾಗನ್ ಬಳಗದ (ಸ್ಕೋಡಾ ಅದರಲ್ಲೊಂದು) ಕಾರುಗಳಿಗೆಂದೇ ಇರುವ ವಿಸಿಡಿಎಸ್ ತಂತ್ರಾಂಶವನ್ನು ಒಂದು ಕೇಬಲ್ಲಿನಿಂದ ಜೋಡಿಸಿದರೆ ಎಂಜಿನ್ ಕಂಪ್ಯೂಟರ್ ತನ್ನ ಲೆಕ್ಕವನ್ನೆಲ್ಲ ಬಿಚ್ಚಿಡುತ್ತದೆ. 115ನೇ ಬ್ಲಾಕಿನಲ್ಲಿ ಕಂಪ್ಯೂಟರ್ ಕೇಳಿದ ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ, ಎಷ್ಟು, ಸಿಕ್ಕಿದ್ದು ಎಷ್ಟು ಎಂದು ಅಕ್ಕಪಕ್ಕ ಕಾಣುತ್ತದೆ. ಕೇಳಿದ್ದಕ್ಕಿಂತ ಸಿಕ್ಕಿದ್ದು ಕಡಿಮೆಯೆಂದರೆ ಬಹುಶಃ ಸೋರಿಕೆ ಇನ್ನೂ ಇದೆ. ಕಂಪ್ಯೂಟರ್ ಪೆಟ್ರೋಲ್ ಪ್ರಮಾಣವನ್ನು ಎಷ್ಟು ತಿದ್ದಿಕೊಳ್ಳುತ್ತಿದೆ ಎಂದು ಹೇಳುವ 032ನೇ ಬ್ಲಾಕಿನ ಎರಡು ಅಂಕಿಗಳು ನನಗೆ ಅಚ್ಚುಮೆಚ್ಚು. ಐಡ್ಲಿಂಗಿನ ಅಂಕಿ ಮೇಲೇರಿದ್ದರೆ ಎಲ್ಲೋ ಕಳ್ಳ ಗಾಳಿ ನುಗ್ಗುತ್ತಿದೆ. ಓಡುವಾಗಿನ ಅಂಕಿ ಮಾತ್ರ ಏರಿದ್ದರೆ ಗಾಳಿ ಅಳೆಯುವ ಸೆನ್ಸರ್ ಅಥವಾ ಪೆಟ್ರೋಲ್ ಪಂಪ್ ದಣಿದಿದೆ ಎಂಬ ಅನುಮಾನ. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಪೆಟ್ರೋಲ್ ಹಾಕಿದರೂ ಈ ಅಂಕಿ ಸ್ವಲ್ಪ ಏರುತ್ತದೆ, ಅದಕ್ಕೆ ಲೆಕ್ಕ ಬಿಟ್ಟು ಓದಬೇಕು. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿದೆ. ಪೆಟ್ರೋಲ್ ಹರಿಯುವ ಹಳೆಯ ಪೈಪುಗಳನ್ನು ಹೇಗೂ ಬದಲಿಸುವುದಿದ್ದರೆ ಎಥನಾಲ್ ತಾಳುವ ದರ್ಜೆಯದನ್ನೇ ಹಾಕಿ.

ಆಯಿಲ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಉಳಿತಾಯ ಮಾಡಿದವರೇ ಈ ಎಂಜಿನ್ನಿಗೆ ಕೆಟ್ಟ ಹೆಸರು ತಂದವರು. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪ್ ಕೆಂಡದಂಥ ಎಕ್ಸಾಸ್ಟಿನ ಪಕ್ಕದಲ್ಲೇ ಹಾದುಹೋಗುತ್ತದೆ. ಘಾಟಿ ಹತ್ತಿ ಬಂದ ತಕ್ಷಣ ಕೀಲಿ ತಿರುಗಿಸಿ ಆಫ್ ಮಾಡಿದರೆ ನಿಂತ ಆಯಿಲ್ ಅಲ್ಲೇ ಸುಟ್ಟು ಕರಿಯಾಗುತ್ತದೆ. ಆ ಕರಿ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನೊಳಗೆ ಸೇರಿ, ಆಯಿಲ್ ಪಂಪಿನ ಜಾಲರಿಗೆ ಅಂಟುತ್ತದೆ. ಇದೇ ಎಂಜಿನ್ನಿನ ಫೋಕ್ಸ್‌ವ್ಯಾಗನ್ ಪಸಾಟ್ ಮತ್ತು ಆಡಿ ಎ4 ಕಾರುಗಳಲ್ಲಿ ಕೆಸರು ಕಟ್ಟುವ ದೂರು ಹೆಚ್ಚಿ, ಅಮೆರಿಕದಲ್ಲಿ ಕಂಪನಿ 8 ವರ್ಷಗಳವರೆಗೆ ವಾರಂಟಿ ವಿಸ್ತರಿಸಬೇಕಾಯಿತು. ಆದ್ದರಿಂದ ಇತಿಹಾಸ ಗೊತ್ತಿಲ್ಲದ ಕಾರು ಮನೆಗೆ ಬಂದರೆ ಸಂಪ್ ಬಿಚ್ಚಲೇಬೇಕು. ಕೈ ಕೊಳೆಯಾಗುವ, ಬೆನ್ನು ನೋಯುವ ಕೆಲಸ. ಆದರೆ ಆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಹಿಂದಿನ ಮಾಲೀಕರೆಲ್ಲರ ನಡವಳಿಕೆ ಅದರಲ್ಲಿ ಬರೆದಿರುತ್ತದೆ. ಪೂರ್ಣ ಸಿಂಥೆಟಿಕ್ 5ಡಬ್ಲ್ಯು-40, ಡಬ್ಬಿಯ ಮೇಲೆ ಫೋಕ್ಸ್‌ವ್ಯಾಗನ್ ದರ್ಜೆಯ 502.00 ಎಂಬ ಸಂಖ್ಯೆ ಇರುವುದು, ಇದರಲ್ಲಿ ರಾಜಿ ಬೇಡ. ಜೋರಾಗಿ ಓಡಿಸಿದ ಮೇಲೆ ಆಫ್ ಮಾಡುವ ಮುನ್ನ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಡಿ.

ಟೈಮಿಂಗ್ ಬೆಲ್ಟ್ ಮಾತ್ರ ಅನುಭವಿ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವ ಕೆಲಸ. ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಮುಗಿದಂತೆ. ಬೆಲ್ಟ್ ತೆಗೆದಾಗಲೇ ಟೆನ್ಷನರ್, ರೋಲರ್, ವಾಟರ್ ಪಂಪನ್ನೂ ಬದಲಿಸಿ. ಹಳೆಯ ಪಂಪಿನ ಪ್ಲಾಸ್ಟಿಕ್ ರೆಕ್ಕೆ ಒಡೆಯುತ್ತದೆ, ಲೋಹದ ರೆಕ್ಕೆಯದನ್ನು ಕೇಳಿ ಪಡೆಯಿರಿ.

ಬಿಡಿಭಾಗ ಸಿಗುವುದಿಲ್ಲ ಎಂಬ ಭಯ ಈ ಕಾರಿನ ವಿಷಯದಲ್ಲಿ ಅರ್ಧ ಸುಳ್ಳು. ಬಾಡಿ, ಲೈಟು, ಒಳಗಿನ ಟ್ರಿಮ್ ನಿಜಕ್ಕೂ ಕಷ್ಟ. ಎಂಜಿನ್ ಹಾಗಲ್ಲ. ಗಾಲ್ಫ್ ಜಿಟಿಐ, ಆಡಿ ಎ3, ಆಡಿ ಟಿಟಿ, ನ್ಯೂ ಬೀಟಲ್, ಎಲ್ಲದರೊಳಗೂ ಇದೇ ಎಂಜಿನ್ನಿನ ಒಡಹುಟ್ಟು ಇತ್ತು. ಭಾಗದ ಸಂಖ್ಯೆ ‘06ಎ’ ಎಂದು ಶುರುವಾದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಅದನ್ನು ಇನ್ನೂ ತಯಾರಿಸುತ್ತಿರುವವರು ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು, ಸಂಖ್ಯೆ ಬರೆದುಕೊಂಡು ಹೋಗಿ. ಇಗ್ನಿಷನ್ ಕಾಯಿಲ್ ವಿಷಯದಲ್ಲಿ ಡೂಪ್ಲಿಕೇಟ್ ಬಗ್ಗೆ ಎಚ್ಚರ. ಬೂಸ್ಟಿನ ಒತ್ತಡದಲ್ಲಿ ಕಿಡಿ ಹಾರಿಸುವುದು ಅಗ್ಗದ ಕಾಯಿಲ್‌ಗಳಿಗೆ ಆಗದ ಮಾತು.

ಇಷ್ಟಾದ ಮೇಲೆ ಮಾಡಿಫಿಕೇಷನ್ ಮಾತು. ನನ್ನ ಕ್ರಮದಲ್ಲಿ ಮೊದಲು ಬ್ರೇಕು ಮತ್ತು ಟೈರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಹಳೆಯ ಕಾರುಗಳಲ್ಲಿ ಅದು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಸಸ್ಪೆನ್ಷನ್ ಬುಷ್, ಎಂಜಿನ್ ಮೌಂಟ್ ಹೊಸದಾದ ದಿನವೇ ಕಾರು ಹತ್ತು ವರ್ಷ ಚಿಕ್ಕದಾದಂತೆ ಅನ್ನಿಸುತ್ತದೆ. ಆಮೇಲೆ ಇಂಟರ್‌ಕೂಲರ್. ಕಂಪನಿಯದು ಮುಂದಿನ ಚಕ್ರದ ಬಳಿ ಅಡಗಿದ ಚಿಕ್ಕ ಪೆಟ್ಟಿಗೆ. ಯುರೋಪಿನ ಚಳಿಗೆ ಸಾಕು, ರಾಯಚೂರಿನ ಮೇ ತಿಂಗಳಿಗೆ ಸಾಲದು. ಒಳಗೆ ಹೋಗುವ ಗಾಳಿ ಬಿಸಿಯಾದರೆ ಎಂಜಿನ್ ನಾಕ್ ಆಗುತ್ತದೆ, ಕೂಡಲೇ ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆದು ಶಕ್ತಿ ಕಡಿತ ಮಾಡುತ್ತದೆ. ಆದ್ದರಿಂದ ನಮ್ಮ ನಾಡಿನಲ್ಲಿ ದೊಡ್ಡ ಇಂಟರ್‌ಕೂಲರ್ ಶೋಕಿಯಲ್ಲ, ಅಗತ್ಯ.

ರೀಮ್ಯಾಪ್ ಕೊನೆಗೆ. ಬೇರೇನೂ ಬದಲಿಸದೆ, ಬರೀ ಕಂಪ್ಯೂಟರಿನ ಲೆಕ್ಕ ತಿದ್ದಿದರೆ 150 ಇದ್ದದ್ದು 180–190ರ ಆಸುಪಾಸಿಗೆ ಹೋಗುತ್ತದೆ. ಅದಕ್ಕಿಂತ ಮುಂದೆ ಹೋಗಬೇಕೆಂದರೆ ಕ್ಲಚ್ ಜಾರುತ್ತದೆ, ಪೆಟ್ರೋಲ್ ಸಾಲದಾಗುತ್ತದೆ, ಕನೆಕ್ಟಿಂಗ್ ರಾಡಿನ ಮಿತಿ ಬರುತ್ತದೆ. ರಸ್ತೆಯಲ್ಲಿ ಓಡಿಸುವ ಕಾರಿಗೆ ಅಲ್ಲಿಗೆ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬಿಸಾಡುವವರನ್ನಂತೂ ನಾನು ಕಾರು ಪ್ರೇಮಿಗಳೆಂದು ಕರೆಯಲಾರೆ. ಅವರ ಹವ್ಯಾಸದ ಹೊಗೆಯನ್ನು ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರಿನ ಮಗು ಕುಡಿಯಬೇಕಾಗುತ್ತದೆ.

ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಬಣ್ಣ ಬದಲಿಸಿದರೂ ಆರ್‌ಟಿಒದಲ್ಲಿ ದಾಖಲಿಸಬೇಕು. ದಿಲ್ಲಿಯಲ್ಲಿರುವಂಥ ವಯಸ್ಸಿನ ನಿರ್ಬಂಧ ಕರ್ನಾಟಕದಲ್ಲಿಲ್ಲ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು. ಆದರೆ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದೆ. ಕಾರು ಕೊಳ್ಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮನೆಯಲ್ಲಿ ಕೆಲಸ ಮಾಡುವವರಿಗೆ ಎರಡು ಮಾತು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಎರಡೂ ಬದಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲಿಟ್ಟು, ಕಾರನ್ನು ತಳ್ಳಿ ನೋಡಿದ ಮೇಲಷ್ಟೇ ಒಳಗೆ ಸರಿಯಿರಿ. ಇಳಿಸಿದ ಹಳೆಯ ಆಯಿಲನ್ನು ಚರಂಡಿಗಾಗಲಿ ತೆಂಗಿನ ಬುಡಕ್ಕಾಗಲಿ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲನ್ನು ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇಂಥದ್ದೊಂದು ಕಾರು ‘ಟರ್ಬೊ ಹೋಗಿದೆ’ ಎಂಬ ತೀರ್ಪು ಹೊತ್ತು ನಿಂತಿದ್ದರೆ, ಗುಜರಿಯವರಿಗೆ ಫೋನ್ ಮಾಡುವ ಮೊದಲು ಒಂದು ಪಿವಿಸಿ ಮುಚ್ಚಳ, ಒಂದು ಟೈರ್ ವಾಲ್ವ್, ಒಂದಿಷ್ಟು ಸೋಪಿನ ನೀರು ತನ್ನಿ. ಒಂದು ಭಾನುವಾರ ಅದಕ್ಕೆ ಕೊಡಿ.